ಬೆಲ್ಟಿಗೆ ಸಿಕ್ಕಿಸುವ ಫೋನ್ ಚೀಲವನ್ನು ಮನೆಯಲ್ಲೇ ಹೊಲಿಯುವ ಕ್ರಮ

ಬೆಲ್ಟಿಗೆ ಸಿಕ್ಕಿಸುವ ಫೋನ್ ಚೀಲಗಳು ಬಟ್ಟೆ ಸವೆದು ಹಾಳಾಗುವುದು ಅಪರೂಪ. ಅವು ಕೈಕೊಡುವುದು ಚೀಲವೂ ಬೆಲ್ಟೂ ಸೇರುವ ಜಾಗದಲ್ಲಿ. ಅಗ್ಗದ ಚೀಲಗಳಲ್ಲಿ ಪ್ಲಾಸ್ಟಿಕ್ ಕ್ಲಿಪ್ಪನ್ನು ಹಿಂಬದಿಯ ತೆಳು ರೆಕ್ಸಿನ್‌ಗೆ ಒಂದೆರಡು ರಿವೆಟ್ ಹೊಡೆದು ಕೂರಿಸಿರುತ್ತಾರೆ. ಬಸ್ಸಿನ ಸೀಟಿಗೋ ಬಾಗಿಲ ಚೌಕಟ್ಟಿಗೋ ನಾಲ್ಕಾರು ಸಲ ತಾಗಿದ ಮೇಲೆ ಕ್ಲಿಪ್ಪಿನ ಮಡಿಕೆ ಮುರಿಯುತ್ತದೆ, ಇಲ್ಲವೇ ರಿವೆಟ್ಟಿನ ಸುತ್ತ ರೆಕ್ಸಿನ್ ಹರಿದು ಚೀಲ ಫೋನಿನ ಸಮೇತ ಕೆಳಗೆ ಬೀಳುತ್ತದೆ. ಆದ್ದರಿಂದ ಮನೆಯಲ್ಲಿ ಹೊಲಿಯುವವರು ಮೊದಲು ಯೋಚಿಸಬೇಕಾದದ್ದು ಫೋನಿನ ಭಾರ ಯಾವ ದಾರಿಯಲ್ಲಿ ಬೆಲ್ಟಿಗೆ ತಲುಪುತ್ತದೆ ಎಂಬುದನ್ನು. ಬಣ್ಣ, ಜೇಬು, ಅಲಂಕಾರಗಳು ಆಮೇಲಿನ ಮಾತು.

ಏಣಿ ಹತ್ತುವ ಎಲೆಕ್ಟ್ರಿಷಿಯನ್, ದಿನವಿಡೀ ಬಗ್ಗಿ ಏಳುವ ಸರ್ವೇಯರ್, ಲುಂಗಿಯ ಮೇಲೆ ಅಗಲವಾದ ಬೆಲ್ಟು ಕಟ್ಟಿ ತೋಟ ಸುತ್ತುವ ರೈತ, ಇಂಥವರಿಗೆ ಅಂಗಿಯ ಜೇಬು ನಂಬುವಂಥದ್ದಲ್ಲ. ಅವರಿಗೆ ಒದಗುವ ಕ್ಯಾನ್ವಾಸ್ ಚೀಲವೊಂದನ್ನು ಇಲ್ಲಿ ವಿವರಿಸಿದೆ. ಇದೇ ಲೆಕ್ಕವನ್ನು ಕೈಯಲ್ಲಿ ಹಿಡಿಯುವ ಜಿಪಿಎಸ್ ಯಂತ್ರಕ್ಕೂ ಸಣ್ಣ ರೇಡಿಯೋಗೂ ಹೊಂದಿಸಿಕೊಳ್ಳಬಹುದು. ಆದರೆ ಸಾಧನದ ದಪ್ಪ 25 ಮಿ.ಮೀ. ದಾಟಿದರೆ, ಉದಾಹರಣೆಗೆ ಮಲ್ಟಿಮೀಟರಿಗೆ, ಎರಡು ಬದಿಗೂ ಪ್ರತ್ಯೇಕ ಪಕ್ಕದ ಪಟ್ಟಿ ಕೊಟ್ಟು ಪೆಟ್ಟಿಗೆಯ ಆಕಾರದಲ್ಲೇ ಹೊಲಿಯುವುದು ವಾಸಿ.

ಸಾಮಗ್ರಿ

ಹೊರಮೈಗೆ ದಪ್ಪ ಕ್ಯಾನ್ವಾಸ್ ಅಥವಾ ಹಳೆಯ ಸ್ಕೂಲ್ ಬ್ಯಾಗಿನ ನೈಲಾನ್ ಬಟ್ಟೆ ಸಾಕು. ಹಳೆಯ ಬ್ಯಾಗನ್ನು ಬಿಚ್ಚಿದರೆ 25 ಮಿ.ಮೀ. ಅಗಲದ ನೈಲಾನ್ ಪಟ್ಟಿಯೂ ಸಿಗುವುದರಿಂದ ಅದನ್ನು ಎಸೆಯಬಾರದು. ಒಳಗಿನ ಮೆತ್ತೆಗೆ 3 ಮಿ.ಮೀ. ದಪ್ಪದ ಫೋಮ್ ಶೀಟ್ ಬೇಕು. ಬ್ಯಾಗ್ ಹೊಲಿಯುವವರ ಬಳಿ ಇದರ ತುಂಡುಗಳು ಸಿಗುತ್ತವೆ. ಲೈನಿಂಗಿಗೆ ಫ್ಲಾನೆಲ್ ಒಳ್ಳೆಯದು. ನುಣುಪಾದ ಸ್ಯಾಟಿನ್ ನೋಡಲು ಚೆನ್ನಾಗಿದ್ದರೂ ಮುಚ್ಚಳ ತೆರೆದುಕೊಂಡ ಹೊತ್ತಿನಲ್ಲಿ ಫೋನು ಸರ್ರನೆ ಜಾರಿಹೋಗಲು ಅದೇ ಕಾರಣವಾಗುತ್ತದೆ, ಆದರೆ ಫ್ಲಾನೆಲ್‌ನ ಸಣ್ಣ ಜುಂಗು ಫೋನನ್ನು ಹಿಡಿದುಕೊಳ್ಳುತ್ತದೆ. ದಾರ ಪಾಲಿಯೆಸ್ಟರಿನದ್ದೇ ಆಗಿರಲಿ, ಏಕೆಂದರೆ ಬೆವರಿಗೆ ಹತ್ತಿಯ ದಾರ ಬೇಗ ಕೊಳೆಯುತ್ತದೆ. ಇವುಗಳ ಜೊತೆಗೆ 25 ಮಿ.ಮೀ. ಅಗಲದ ವೆಲ್ಕ್ರೋ, ಅಂಚಿಗೆ ಸುತ್ತುವ ಪಟ್ಟಿ, ಎರಡು ಐಲೆಟ್ (ತೂತಿನ ಅಂಚಿಗೆ ಹೊಡೆಯುವ ಲೋಹದ ಬಳೆ) ಮತ್ತು 16 ಅಥವಾ 18ನೇ ನಂಬರಿನ ಮೆಷಿನ್ ಸೂಜಿ ಬೇಕಾಗುತ್ತವೆ. ಮನೆಯ ಕಾಲು ಮೆಷಿನ್ನು ಈ ದಪ್ಪವನ್ನು ತಾಳುತ್ತದೆ, ಆದರೆ ನಾಲ್ಕೈದು ಪದರ ಸೇರುವ ಜಾಗದಲ್ಲಿ ಪೆಡಲ್ ತುಳಿಯದೆ ಚಕ್ರವನ್ನು ಕೈಯಿಂದಲೇ ತಿರುಗಿಸಿ ಒಂದೊಂದಾಗಿ ಹೊಲಿಗೆ ಹಾಕಬೇಕು.

ಅಳತೆ ಮತ್ತು ಕತ್ತರಿಸುವಿಕೆ

ಫೋನನ್ನು ಬ್ಯಾಕ್ ಕವರ್ ಸಮೇತ ಅಳೆಯಬೇಕು. ಉದಾಹರಣೆಗೆ ಉದ್ದ 165, ಅಗಲ 78, ದಪ್ಪ 12 ಮಿ.ಮೀ. ಎಂದಿಟ್ಟುಕೊಳ್ಳೋಣ. ಚಪ್ಪಟೆಯಾಗಿ ಮಡಚಿ ಹೊಲಿದ ಚೀಲದೊಳಗೆ ದಪ್ಪವಿರುವ ವಸ್ತು ಇಳಿದಾಗ ಚೀಲದ ಅಗಲ ಕುಗ್ಗುತ್ತದೆ. ಈ ಕಾರಣಕ್ಕೆ ಸಿದ್ಧವಾದ ಅಗಲವು ಫೋನಿನ ಅಗಲ, ಫೋನಿನ ದಪ್ಪ ಮತ್ತು ಫೋಮಿನ ದಪ್ಪದ ನಾಲ್ಕರಷ್ಟು ಸೇರಿದಷ್ಟು ಇರಬೇಕು. ಅಂದರೆ 78, 12, 12 ಸೇರಿ 102. ಸಲೀಸಾಗಿ ಹೋಗಿಬರಲು 2 ಮಿ.ಮೀ. ಬಿಟ್ಟರೆ 104. ಹೊಲಿಗೆಯ ಮಾರ್ಜಿನ್ ಎರಡೂ ಬದಿಗೆ ಹತ್ತು ಹತ್ತು ಮಿ.ಮೀ. ಎಂದರೆ ಬಟ್ಟೆಯನ್ನು 124 ಮಿ.ಮೀ. ಅಗಲಕ್ಕೆ ಕತ್ತರಿಸಬೇಕು. ಮೊದಲ ಬಾರಿಗೆ ಹೊಲಿಯುವವರು ಫೋನಿನ ಅಗಲಕ್ಕೆ ಮಾರ್ಜಿನ್ ಮಾತ್ರ ಸೇರಿಸಿ ಕತ್ತರಿಸುತ್ತಾರೆ, ಹೊಲಿದ ಮೇಲೆ ಫೋನು ಅರ್ಧಕ್ಕೇ ಸಿಕ್ಕಿಕೊಳ್ಳುತ್ತದೆ.

ಚೀಲದ ಮುಂಭಾಗ, ತಳ, ಹಿಂಭಾಗ ಮತ್ತು ಮುಚ್ಚಳ ಎಲ್ಲವೂ ಒಂದೇ ಉದ್ದನೆಯ ತುಂಡಾಗಿರಬೇಕು. ತಳದಲ್ಲಿ ಹೊಲಿಗೆಯೇ ಇಲ್ಲದಿದ್ದರೆ ಅಲ್ಲಿ ಹೊಲಿಗೆ ಬಿಚ್ಚುವ ಪ್ರಶ್ನೆಯೂ ಇರುವುದಿಲ್ಲ. ಮುಂಭಾಗಕ್ಕೆ 150 ಮಿ.ಮೀ. ಸಾಕು, ಫೋನಿನ ಮೇಲಿನ 15 ಮಿ.ಮೀ. ಹೊರಗಿದ್ದರೆ ಬೆರಳಿಗೆ ಹಿಡಿತ ಸಿಗುತ್ತದೆ. ತಳಕ್ಕೆ ಫೋನಿನ ದಪ್ಪ ಮತ್ತು ಎರಡು ಪದರ ಫೋಮ್ ಸೇರಿ 18, ಹಿಂಭಾಗಕ್ಕೆ 165, ಮೇಲ್ತುದಿಯನ್ನು ದಾಟಲು ಮತ್ತೆ 18, ಮುಂದಕ್ಕೆ ಇಳಿಯುವ ಮುಚ್ಚಳಕ್ಕೆ 60. ಒಟ್ಟು 411 ಮಿ.ಮೀ. ಎರಡು ತುದಿಗಳ ಮಡಿಕೆಗೆ 30 ಸೇರಿಸಿದರೆ ಸುಮಾರು 44 ಸೆಂ.ಮೀ. ಉದ್ದದ ತುಂಡು ಸಾಕಾಗುತ್ತದೆ. ಮುಚ್ಚಳದ ಭಾಗವನ್ನು ಮಾತ್ರ ಅಂಚಿನ ಪಟ್ಟಿ ಸುತ್ತಿದ ಮೇಲೆ 84 ಮಿ.ಮೀ. ಅಗಲ ಉಳಿಯುವಂತೆ ಕಿರಿದು ಮಾಡಬೇಕು. ಬಟ್ಟೆಗೆ ಕತ್ತರಿ ಹಾಕುವ ಮೊದಲು ಹಳೆಯ ಕ್ಯಾಲೆಂಡರಿನ ಹಾಳೆಯಲ್ಲಿ ಇದೇ ಆಕಾರ ಕತ್ತರಿಸಿ ಫೋನಿಗೆ ಸುತ್ತಿ ನೋಡಿದರೆ ಲೆಕ್ಕದ ತಪ್ಪು ಅಲ್ಲೇ ಗೊತ್ತಾಗುತ್ತದೆ.

ಭಾರ ಹೊರುವ ಪಟ್ಟಿ

ಇಡೀ ಕೆಲಸದಲ್ಲಿ ಹೆಚ್ಚು ಗಮನ ಕೇಳುವ ಭಾಗ ಇದು. ಸುಮಾರು 45 ಸೆಂ.ಮೀ. ಉದ್ದದ ನೈಲಾನ್ ಪಟ್ಟಿಯನ್ನು ತೆಗೆದುಕೊಂಡು ಎರಡೂ ತುದಿಗಳನ್ನು ಮೇಣದ ಬತ್ತಿಯ ಜ್ವಾಲೆಗೆ ಕ್ಷಣಕಾಲ ತೋರಿಸಿ ಎಳೆಗಳು ಬಿಚ್ಚದಂತೆ ಕರಗಿಸಬೇಕು. ಕರಗಿದ ನೈಲಾನ್ ಕೈಗೆ ಅಂಟಿದರೆ ಸುಡುತ್ತದೆ, ಆದ್ದರಿಂದ ಬೆರಳಿನಿಂದ ಒತ್ತಬಾರದು. ಪಟ್ಟಿಯ ಒಂದು ತುದಿಯನ್ನು ಮುಂಭಾಗದಲ್ಲಿ ಚೀಲದ ಬಾಯಿಗಿಂತ 20 ಮಿ.ಮೀ. ಕೆಳಗೆ ಮಡಚಿಟ್ಟು, ಅಲ್ಲಿಂದ ನಡುವಿನಲ್ಲೇ ಕೆಳಕ್ಕಿಳಿಸಿ, ತಳದ ಅಡಿಯಿಂದ ಹಾಯಿಸಿ, ಹಿಂಭಾಗದಲ್ಲಿ ಮೇಲ್ತುದಿಗಿಂತ 15 ಮಿ.ಮೀ. ಕೆಳಗಿನವರೆಗೆ ತಂದು, ಎರಡು ಅಂಚಿನ ಉದ್ದಕ್ಕೂ ಹೊಲಿಯಬೇಕು. ಲೈನಿಂಗ್ ಜೋಡಿಸುವ ಮೊದಲೇ, ಹೊರಬಟ್ಟೆ ಇನ್ನೂ ಚಪ್ಪಟೆಯಾಗಿರುವಾಗಲೇ ಇದನ್ನು ಮುಗಿಸಬೇಕು. ಬದಿಗಳು ಕೂಡಿದ ಮೇಲೆ ಮೆಷಿನ್ನಿನ ಪಾದ ಒಳಗೆ ಹೋಗುವುದಿಲ್ಲ.

ಹೀಗೆ ಮೇಲೆ ತಲುಪಿದ ಪಟ್ಟಿಯನ್ನು ಅಲ್ಲಿ ಕತ್ತರಿಸದೆ ಹಿಂದಕ್ಕೆ ಮಡಚಿ ಮತ್ತೆ ಕೆಳಕ್ಕಿಳಿಸಬೇಕು. ಮಡಿಕೆಯ ಕೆಳಗೆ 25 ಮಿ.ಮೀ. ಚೌಕದಲ್ಲಿ ಎರಡು ಪದರಗಳನ್ನೂ ಸೇರಿಸಿ ಹೊಲಿದು, ಚೌಕದೊಳಗೆ ಮೂಲೆಯಿಂದ ಮೂಲೆಗೆ ಎರಡು ಗೆರೆ ಹೊಲಿಗೆ ಹಾಕಬೇಕು. ಅದರ ಕೆಳಗೆ ಬೆಲ್ಟು ಹಾಯುವ ಜಾಗ. 38 ಮಿ.ಮೀ. ಬೆಲ್ಟಿಗೆ 45 ಮಿ.ಮೀ. ಅಂತರ ಸಾಕು, ಲುಂಗಿಯ ಮೇಲಿನ ಅಗಲ ಬೆಲ್ಟಾದರೆ ಅದನ್ನೇ ಅಳೆದು 7 ಮಿ.ಮೀ. ಸೇರಿಸಿಕೊಳ್ಳಬೇಕು. ಈ ಅಂತರದಲ್ಲಿ ಪಟ್ಟಿಯನ್ನು ಎಳೆದು ಬಿಗಿಮಾಡದೆ 5 ಮಿ.ಮೀ. ಸಡಿಲ ಬಿಟ್ಟು, ಕೆಳಗೆ ಇನ್ನೊಂದು ಚೌಕ ಹೊಲಿದರೆ ಬೆಲ್ಟಿನ ಕುಣಿಕೆ ಸಿದ್ಧವಾಗುತ್ತದೆ. ಫೋನಿನ ಭಾರ ತಳದಲ್ಲಿ ಪಟ್ಟಿಯ ಮೇಲೇ ಕೂರುತ್ತದೆ, ಅದೇ ಪಟ್ಟಿ ಮೇಲಕ್ಕೆ ಹೋಗಿ ಮಡಚಿ ಬೆಲ್ಟಿನ ಮೇಲಂಚನ್ನು ಹಿಡಿಯುತ್ತದೆ. ನಡುವೆ ಬಟ್ಟೆಯ ಪಾತ್ರ ಹೆಚ್ಚೇನಿಲ್ಲ, ಕ್ಯಾನ್ವಾಸ್ ಹರಿದರೂ ಫೋನು ಬೀಳುವುದಿಲ್ಲ. ಕುಣಿಕೆ ಹಿಂಭಾಗದ ಮೇಲ್ಭಾಗದಲ್ಲೇ ಇರಬೇಕು. ಅದನ್ನು ನಡುಮಧ್ಯಕ್ಕೆ ಇಳಿಸಿದರೆ ಬಗ್ಗಿದಾಗಲೆಲ್ಲ ಚೀಲದ ಬಾಯಿ ಹೊರಕ್ಕೆ ವಾಲುತ್ತದೆ.

ಬೆಲ್ಟು ಬಿಚ್ಚದೆ ಚೀಲವನ್ನು ತೆಗೆದು ಹಾಕುವ ಅನುಕೂಲ ಬೇಕೆನ್ನುವವರು ಕೆಳಗಿನ ಚೌಕವನ್ನು ಹೊಲಿಯದೆ ಅಲ್ಲಿ ವೆಲ್ಕ್ರೋ ಮತ್ತು ಅದರ ಕೆಳಗೊಂದು ಟಿಚ್ ಬಟನ್ ಹಾಕಿಕೊಳ್ಳಬಹುದು. ತೆರೆಯುವ ತುದಿ ಕೆಳಗೇ ಇರಬೇಕೆಂಬುದು ಇಲ್ಲಿನ ಕಟ್ಟುನಿಟ್ಟು. ಹಾಗಿದ್ದಾಗ ಭಾರ ಮೇಲಿನ ಮಡಿಕೆಯ ಮೇಲೆ ಬೀಳುತ್ತದೆ, ಜೋಡಣೆಯ ಮೇಲೆ ಬೀಳುವ ಎಳೆತ ಕಡಿಮೆ. ವೆಲ್ಕ್ರೋವನ್ನು ಅದರ ಮೈಯ ಉದ್ದಕ್ಕೆ ಜಗ್ಗಿದರೆ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ, ತುದಿಯಿಂದ ಸುಲಿದರೆ ಮಗುವಿನ ಕೈಗೂ ಬಿಡುತ್ತದೆ. ಕ್ಲಿಪ್ಪೇ ಬೇಕಿದ್ದರೆ ಪಟ್ಟಿ ತೂರಿಸಲು ಸೀಳು ಇರುವ ಕ್ಲಿಪ್ಪನ್ನು ಆರಿಸಿ, ಮಡಿಕೆಯನ್ನು ಅದರೊಳಗಿಂದ ಹಾಯಿಸಿ ಹೊಲಿಯಬೇಕು. ರಿವೆಟ್ ಹೊಡೆಯಲೇಬೇಕಾದಲ್ಲಿ ಒಳಬದಿಗೆ ವಾಷರ್ ಕೊಡಬೇಕು. ಗುರುತಿನ ಚೀಟಿಯ ಕ್ಲಿಪ್ಪುಗಳು ಈ ಕೆಲಸಕ್ಕೆ ಬಾರವು.

ದೊಡ್ಡ ಉಕ್ಕಿನ ಕ್ಲಿಪ್ಪನ್ನು ಫೋನಿನ ಬೆನ್ನಿಗೆ ತಾಗುವಂತೆ ಇಡುವುದನ್ನು ನಾನು ಒಪ್ಪುವುದಿಲ್ಲ. ಲೋಹ ಆಂಟೆನಾದ ಕೆಲಸಕ್ಕೆ ಅಡ್ಡಿ ಮಾಡುತ್ತದೆ, ದೇಹದ ಮೇಲೆ ಧರಿಸುವ ಚೀಲದಲ್ಲಿ ಲೋಹದ ಭಾಗಗಳಿರಬಾರದೆಂದು ಎಷ್ಟೋ ಫೋನುಗಳ ಕೈಪಿಡಿಯಲ್ಲೇ ಬರೆದಿರುತ್ತದೆ. ಭಾರತದಲ್ಲಿ 2012ರಿಂದ ಜಾರಿಯಲ್ಲಿರುವ ಎಸ್‌ಎಆರ್ (ಫೋನಿನ ರೇಡಿಯೋ ಅಲೆಗಳಿಂದ ದೇಹ ಹೀರಿಕೊಳ್ಳುವ ಶಕ್ತಿಯ ಪ್ರಮಾಣ) ಮಿತಿ ಪ್ರತಿ ಕಿಲೋಗ್ರಾಂಗೆ 1.6 ವ್ಯಾಟ್. ದೇಹದ ಮೇಲಿನ ಅಳತೆಯನ್ನು ಫೋನಿಗೂ ಮೈಗೂ ಕೆಲವು ಮಿಲಿಮೀಟರ್ ಅಂತರವಿಟ್ಟು ಮಾಡುವುದುಂಟು. ಫೋಮ್ ಮತ್ತು ಪಟ್ಟಿಯ ದಪ್ಪ ಆ ಅಂತರಕ್ಕೂ ಒದಗುತ್ತದೆ.

ಮುಚ್ಚಳ, ಫೋಮ್, ಬದಿಯ ಹೊಲಿಗೆ

ವೆಲ್ಕ್ರೋದ ಮೆತ್ತನೆಯ ಭಾಗವನ್ನು ಮುಂಭಾಗದ ಪಟ್ಟಿಯ ಮೇಲೇ ಹೊಲಿದು, ಕೊಕ್ಕೆಗಳಿರುವ ಒರಟು ಭಾಗವನ್ನು ಮುಚ್ಚಳದ ಒಳಮೈಗೆ, ತುದಿಯ ಹತ್ತಿರ ಹಾಕಬೇಕು. ಫೋನು ಮೇಲಕ್ಕೆ ಚಿಮ್ಮಲು ಯತ್ನಿಸಿದಾಗ ವೆಲ್ಕ್ರೋ ಉದ್ದಕ್ಕೆ ಜಗ್ಗಿ ಬಿಗಿಯಾಗುತ್ತದೆ, ಬೆರಳು ಮುಚ್ಚಳದ ತುದಿ ಎತ್ತಿದರೆ ಸುಲಿದು ತೆರೆಯುತ್ತದೆ. ಅಯಸ್ಕಾಂತದ ಗುಂಡಿ ಹೆಚ್ಚು ನಾಜೂಕಾಗಿ ಕಾಣುತ್ತದೆ, ಸದ್ದೂ ಮಾಡುವುದಿಲ್ಲ. ಆದರೆ ಅದು ಫೋನಿನ ದಿಕ್ಸೂಚಿಯನ್ನು ತಪ್ಪಿಸುವುದರಿಂದ ನಕ್ಷೆ ನೋಡಿ ನಡೆಯುವ ಕೆಲಸದವರಿಗೆ ಹೊಂದುವುದಿಲ್ಲ. ಪೇಸ್‌ಮೇಕರ್ ಇರುವವರು ಅಯಸ್ಕಾಂತದ ಗುಂಡಿಯನ್ನು ಬಿಟ್ಟೇಬಿಡಬೇಕು.

ಫೋಮನ್ನು ಮುಂಭಾಗ, ತಳ, ಹಿಂಭಾಗ ಎಂದು ಮೂರು ತುಂಡುಗಳಾಗಿ ಕತ್ತರಿಸಿ ಲೈನಿಂಗಿನ ಹಿಂಬದಿಗೆ ಅಲ್ಲಲ್ಲಿ ಸ್ವಲ್ಪ ಫೆವಿಬಾಂಡ್ ಅಂಟು ಹಚ್ಚಿ ಕೂರಿಸಬೇಕು. ಎರಡೂ ಮೈಗೆ ತೆಳುವಾಗಿ ಹಚ್ಚಿ, ಅಂಟು ಕೈಗೆ ಹತ್ತದಷ್ಟು ಆರಿದ ಮೇಲೆ ಒತ್ತುವುದು ಕ್ರಮ. ಕಿಟಕಿ ತೆರೆದಿರಲಿ, ಹತ್ತಿರ ಬೆಂಕಿ ಬೇಡ. ಫೋಮ್ ಬದಿಯ ಮಾರ್ಜಿನ್ನಿನೊಳಕ್ಕೆ ಬರದಂತೆ ಅಂಚಿನಿಂದ 12 ಮಿ.ಮೀ. ಒಳಗೇ ನಿಲ್ಲಬೇಕು, ಇಲ್ಲವಾದರೆ ಬದಿಯ ಹೊಲಿಗೆ ಉಬ್ಬಿ ಸೂಜಿ ಮುರಿಯುತ್ತದೆ. ಬಾಯಿಯ ಅಂಚನ್ನು ಮಡಚಿ ಹೊಲಿದು, ತಳದಲ್ಲಿ ಪಟ್ಟಿಯ ಎರಡು ಪಕ್ಕಕ್ಕೂ ಒಂದೊಂದು ಐಲೆಟ್ ಹೊಡೆದರೆ ಒಳಗೆ ಸೇರುವ ದೂಳೂ ನೀರೂ ಹೊರಗೆ ಹೋಗುತ್ತವೆ.

ಇನ್ನು ಚೀಲವನ್ನು ಮಡಚಿ ಬದಿಗಳಿಗೆ ಕೈಯಿಂದ ಕಚ್ಚಾ ಹೊಲಿಗೆ ಹಾಕಿ ಫೋನನ್ನು ಇಳಿಸಿ ನೋಡಬೇಕು. ಈ ಹಂತದಲ್ಲಿ ಪವರ್ ಬಟನ್ ಎಲ್ಲಿ ಬರುತ್ತದೆಂದು ಪರೀಕ್ಷಿಸದೆ ಮುಂದುವರಿಯಬಾರದು. ಭಾರತದಲ್ಲಿ ಮಾರುವ ಸ್ಮಾರ್ಟ್‌ಫೋನುಗಳಲ್ಲಿ ಈ ಬಟನ್ನನ್ನು ಬೇಗಬೇಗನೆ ಕೆಲವು ಬಾರಿ ಒತ್ತಿದರೆ 112ಕ್ಕೆ ತುರ್ತು ಕರೆ ಹೋಗುವ ವ್ಯವಸ್ಥೆ ಇರುವುದರಿಂದ, ಬದಿಯ ಹೊಲಿಗೆ ಬಿಗಿಯಾಗಿ ಬಟನ್ನಿಗೆ ತಾಗುತ್ತಿದ್ದರೆ ಪ್ರತಿ ಬಾರಿ ಬಗ್ಗಿದಾಗಲೂ ಪೊಲೀಸರಿಗೆ ಫೋನು ಹೋದೀತು. ಅಂಥಲ್ಲಿ ಆ ಬದಿಯ ಫೋಮಿನಲ್ಲಿ ಬಟನ್ನಿನ ಜಾಗದಲ್ಲಿ ಸಣ್ಣ ಕಚ್ಚು ಮಾಡಿದರೆ ಸಾಕು. ಎಲ್ಲವೂ ಸರಿಯೆನಿಸಿದ ಮೇಲೆ 3 ಮಿ.ಮೀ. ಉದ್ದದ ಹೊಲಿಗೆಯಲ್ಲಿ ಎರಡು ಸಾಲು ಹಾಕಿ, ಮಾರ್ಜಿನ್ನನ್ನು 6 ಮಿ.ಮೀ.ಗೆ ಕತ್ತರಿಸಿ, ಮುಚ್ಚಳದ ಸುತ್ತಲೂ ಸೇರಿದಂತೆ ಅಂಚಿಗೆ ಪಟ್ಟಿ ಸುತ್ತಿ ಹೊಲಿಯಬೇಕು. ಬಾಯಿಯ ಎರಡು ಮೂಲೆಗಳಲ್ಲಿ ಹೊಲಿಗೆಯನ್ನು ಹಿಂದೆ ಮುಂದೆ ಮೂರು ಬಾರಿ ಓಡಿಸಬೇಕು, ಮೊದಲು ಬಿಚ್ಚುವುದು ಆ ಮೂಲೆಗಳೇ.

ಫೋನನ್ನು ಇಡುವ ಮೊದಲು ಅರ್ಧ ಕಿಲೋ ಮರಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಚೀಲದೊಳಗಿಟ್ಟು ಬೆಲ್ಟಿಗೆ ಹಾಕಿಕೊಂಡು ಮೆಟ್ಟಿಲು ಹತ್ತಿ ಇಳಿಯಬೇಕು, ಕುಳಿತು ಏಳಬೇಕು. ಸಾಮಾನ್ಯ ಫೋನು 200 ಗ್ರಾಂ ಆಸುಪಾಸಿನಲ್ಲಿರುವುದರಿಂದ ಈ ಭಾರ ತಾಳಿದ ಕುಣಿಕೆಯನ್ನು ನಂಬಬಹುದು. ಫೋನನ್ನು ಪರದೆ ಮೈಕಡೆಗೆ ಬರುವಂತೆ ಇಡುವುದು ರೂಢಿ, ಹಾಗಿದ್ದರೆ ಗೋಡೆಗೋ ಕಂಬಕ್ಕೋ ತಾಗಿದ ಪೆಟ್ಟು ಗಾಜಿಗೆ ನೇರವಾಗಿ ಬೀಳುವುದಿಲ್ಲ. ಪವರ್ ಬ್ಯಾಂಕಿಗೆ ಜೋಡಿಸಿದ ಫೋನನ್ನು ಮಾತ್ರ ಮುಚ್ಚಿದ ಚೀಲದಲ್ಲಿ ಇಡಬಾರದು, ಫೋಮ್ ಶಾಖವನ್ನು ಹೊರಗೆ ಬಿಡುವುದಿಲ್ಲ. ಐಫೋನಿನಂಥ ಸಾಧನಗಳಿಗೆ ತಯಾರಕರೇ ಸೂಚಿಸುವ ಸುತ್ತಲಿನ ಉಷ್ಣತೆಯ ಗರಿಷ್ಠ ಮಿತಿ 35 ಡಿಗ್ರಿ ಸೆಲ್ಸಿಯಸ್, ಕಲಬುರಗಿಯ ಬೇಸಿಗೆಯ ಬಿಸಿಲು ಅದನ್ನು ಸುಲಭವಾಗಿ ಮೀರುತ್ತದೆ.

ಚರ್ಮದಲ್ಲಿ ಮಾಡುವುದಾದರೆ

ಚರ್ಮದ ಚೀಲಕ್ಕೆ ಬಟ್ಟೆಯ ಲೆಕ್ಕ ನಡೆಯುವುದಿಲ್ಲ, ಅದಕ್ಕೆ ಅಚ್ಚು ಬೇಕು. ಮರದ ತೊಗಟೆ, ಕಾಯಿಗಳಿಂದ ಹದ ಮಾಡಿದ 2 ಮಿ.ಮೀ. ದಪ್ಪದ ಚರ್ಮವನ್ನು ಉಗುರು ಬೆಚ್ಚಗಿನ ನೀರಿನಲ್ಲಿ ನೆನೆಸಿ ಅಚ್ಚಿನ ಮೇಲೆ ಒತ್ತಿ ಒಣಗಿಸಿದರೆ ಆ ಆಕಾರದಲ್ಲೇ ಗಟ್ಟಿಯಾಗುತ್ತದೆ. ಕ್ರೋಮ್ ಹದದ ಮೆತ್ತನೆಯ ಚರ್ಮ ಹೀಗೆ ನಿಲ್ಲುವುದಿಲ್ಲ. ಅಥಣಿ ಕಡೆಯ ಕೊಲ್ಹಾಪುರಿ ಚಪ್ಪಲಿಗೆ ಬಳಸುವುದು ಜಾಲಿಯ ತೊಗಟೆ, ಅಳಲೆಕಾಯಿಗಳಲ್ಲಿ ಹದ ಮಾಡಿದ ಇಂಥ ಚರ್ಮವನ್ನೇ, ಆದ್ದರಿಂದ ಚಪ್ಪಲಿ ಮಾಡುವವರ ಬಳಿ ತುಂಡು ಚರ್ಮಕ್ಕಾಗಿ ಕೇಳಿ ನೋಡಬಹುದು. ಅಚ್ಚಿಗೆ ಫೋನನ್ನೇ ಪ್ಲಾಸ್ಟಿಕ್ ಸುತ್ತಿ ಬಳಸುವ ದುಸ್ಸಾಹಸ ಬೇಡ, ಬಡಗಿಯ ಬಳಿ ಫೋನಿಗಿಂತ 1 ಮಿ.ಮೀ. ದೊಡ್ಡದಾದ ಮರದ ತುಂಡನ್ನು ಕೊಯ್ಯಿಸಿ ಅಂಚುಗಳನ್ನು ಉಜ್ಜಿಸಿಕೊಳ್ಳಬೇಕು. ಅಂಚಿನಿಂದ 4 ಮಿ.ಮೀ. ಒಳಗೆ, 4 ಮಿ.ಮೀ.ಗೊಂದರಂತೆ ತೂತು ಹಾಕಿ, ಮೇಣ ಸವರಿದ ಒಂದೇ ದಾರದ ಎರಡು ತುದಿಗೂ ಸೂಜಿ ಪೋಣಿಸಿ, ಪ್ರತಿ ತೂತಿನಲ್ಲೂ ಎರಡು ಕಡೆಯಿಂದ ದಾಟಿಸಬೇಕು. ಒಂದು ಕಡೆಯ ದಾರ ಸವೆದರೂ ಇನ್ನೊಂದು ಕಡೆಯದು ಹಿಡಿದಿರುತ್ತದೆ. ಬೆಲ್ಟಿನ ಕುಣಿಕೆಯನ್ನು ಹಿಂಭಾಗದ ಚರ್ಮವನ್ನೇ ಉದ್ದ ಬಿಟ್ಟು ಮೇಲಿನಿಂದ ಮಡಚಿ ಮಾಡಿಕೊಳ್ಳಬೇಕು. ಮಲೆನಾಡಿನಲ್ಲೂ ಕರಾವಳಿಯಲ್ಲೂ ಮಳೆಗಾಲ ಪೂರ್ತಿ ಚರ್ಮಕ್ಕೆ ಬೂಷ್ಟು ಹಿಡಿಯುವುದರಿಂದ ಅಲ್ಲಿನವರಿಗೆ ಕ್ಯಾನ್ವಾಸಿನ ಚೀಲವೇ ಮೇಲು.