39 ಎಚ್‌ಪಿಗೆ ಐದಡಿ ರೋಟಾವೇಟರ್ ಸಾಕು: ನನ್ನ ಅನುಭವ

ನನ್ನ ಟ್ರ್ಯಾಕ್ಟರ್ 39 ಎಚ್‌ಪಿ. ಅದರ ಹಿಂದೆ ಐದಡಿ ಅಗಲದ ರೋಟಾವೇಟರ್, ಅಂದರೆ ತಿರುಗೋ ಬ್ಲೇಡಿನಿಂದ ಮಣ್ಣು ಪುಡಿ ಮಾಡೋ ಯಂತ್ರ, ಕಟ್ಟಿಕೊಂಡು ಹೊಲಕ್ಕೆ ಹೊರಟ ದಿನ ಓಣಿಯವರೆಲ್ಲ ನಕ್ಕರು. "ಏನ್ ಮಾವ, ಕೂಸಿನ ಆಟಿಗಿ ಕಟ್ಟೀ ಏನು?" ಅಂತ ಪಕ್ಕದ ಹೊಲದವನು ಕೇಳಿದ. ಅವನದು 50 ಎಚ್‌ಪಿ, ಏಳಡಿ. ಮನೆಯಲ್ಲಿ ಮಗನದೂ ಅದೇ ಮಾತು. ಆರಡಿ ಮಾರಿ ಐದಡಿ ತಂದವರನ್ನು ಎಲ್ಲಾದರೂ ನೋಡಿದ್ದೀಯಾ ಅಂತ ಎರಡು ದಿನ ಮುಖ ಉಬ್ಬಿಸಿಕೊಂಡಿದ್ದ.

ನಮ್ಮದು ನವಲಗುಂದ ಕಡೆಯ ಎರೆ ಹೊಲ, ಜಿಗುಟು ಕಪ್ಪು ಮಣ್ಣು. ಮುಂಗಾರಿಗೆ ಹೆಸರು, ಹಿಂಗಾರಿಗೆ ಕಡಲೆ, ಒಂದಿಷ್ಟು ಹತ್ತಿ. ಸ್ವಂತದ್ದು 14 ಎಕರೆ, ಬಾಡಿಗೆಗೆ ಹಂಗಾಮಿಗೆ ಸುಮಾರು 150 ಎಕರೆ ಹೊಡೆಯುತ್ತೇನೆ. ಹೆಸರು ಮುಗಿದು ಕಡಲೆ ಬಿತ್ತುವ ನಡುವೆ ಹದ ಸಿಗೋದು ಕೆಲವೇ ದಿನ. ಆಗ ಗಾಡಿ ನಿಂತರೆ ಮುಗೀತು, ಬಾಡಿಗೆಯವರು ಬೇರೆಯವರನ್ನು ಕರೆಯುತ್ತಾರೆ.

2019ರಲ್ಲಿ ಆರಡಿ ತಂದೆ. ಅಂಗಡಿಯವನು "40ರ ಹತ್ತಿರ ಐತಲ್ರಿ, ಆರಡಿ ಆರಾಮ ಎಳೀತೈತಿ" ಅಂದ. ನಾನೂ ಹಿಂದೆಮುಂದೆ ನೋಡದೆ 1 ಲಕ್ಷದ ಮೇಲೆ ಐದೋ ಆರೋ ಸಾವಿರ ಕೊಟ್ಟೆ. 39 ಅನ್ನೋದು ಇಂಜಿನ್ನಿನ ಲೆಕ್ಕ. ಪಿಟಿಒ, ಅಂದರೆ ಹಿಂದೆ ಕಟ್ಟಿದ ಯಂತ್ರವನ್ನು ತಿರುಗಿಸೋ ಶಾಫ್ಟಿನ ಹತ್ತಿರ ಸಿಗೋದು 33-34 ಅಷ್ಟೇ. ಇದು ನನಗೆ ಗೊತ್ತಿರಲಿಲ್ಲ ಅಂತಲ್ಲ. ಆಸೆ, ಇನ್ನೇನು.

ಕೆಂಪು ಮಣ್ಣಿನ ಮಸಾರಿ ಹೊಲದಲ್ಲಿ ಆರಡಿ ಚೆನ್ನಾಗೇ ಓಡಿತು. ಎರೆಗೆ ಇಳಿದ ಕೂಡಲೇ ಇಂಜಿನ್ ಮುಲುಗತೊಡಗಿತು. ಕರೀ ಹೊಗೆ. ಗೇರ್ ಇಳಿಸು, ಲಿವರ್ ಸ್ವಲ್ಪ ಎತ್ತು, ಮತ್ತೆ ಇಳಿಸು. ಎತ್ತಿದಾಗ ಮೇಲೆ ಮಣ್ಣು ಹಾರುತ್ತಿತ್ತು, ಅಡಿಯಲ್ಲಿ ಹೆಂಟೆ ಹಾಗೇ ಉಳಿಯುತ್ತಿತ್ತು. ಎಕರೆಗೆ ಹತ್ತಿರ ಹತ್ತಿರ 8 ಲೀಟರ್ ಡೀಸೆಲ್. ದಿನಕ್ಕೆ ಐದೂವರೆ ಎಕರೆ ಆದರೆ ದೊಡ್ಡದು. ಎರಡನೇ ವರ್ಷ ಕ್ಲಚ್ ಪ್ಲೇಟ್ ಸುಟ್ಟಿತು. ಕೂಲಿ ಸೇರಿ 16 ಸಾವಿರ, ಮೇಲೆ ಹದದ ನಾಲ್ಕು ದಿನ ಹೋಯ್ತು. ಆ ನಾಲ್ಕು ದಿನದ ಬಾಡಿಗೆ ಲೆಕ್ಕ ಹಾಕೋದನ್ನೇ ಬಿಟ್ಟೆ, ನಿದ್ದೆ ಬರೋಲ್ಲ.

ಆಮೇಲೆ ಮಾಡಿದ ಪ್ರಯೋಗ ಕೇಳಿದರೆ ನಗ್ತೀರಿ. ಆರಡಿಗೆ 42 ಬ್ಲೇಡ್, ಅವನ್ನು ಬಿಗಿಯೋ ಬಿಲ್ಲೆ, ಅಂದರೆ ಒಂದೊಂದು ಫ್ಲಾಂಜಿಗೆ ಆರು. ಎರಡೆರಡು ಬಿಚ್ಚಿ 28ಕ್ಕೆ ಇಳಿಸಿದೆ. ಲೋಡ್ ಕಮ್ಮಿ ಆಯ್ತು ನಿಜ. ಆದರೆ ಎಲ್ಲಾ ಕಡೆ ಗಡಗಡ ಅನ್ನೋಕೆ ಶುರುವಾಯ್ತು, ಮಣ್ಣು ಪಟ್ಟೆಪಟ್ಟೆಯಾಗಿ ಒಡೆಯಿತು, ಮೂವತ್ತು ಎಕರೆ ಆಗೋದರೊಳಗೆ ಸೈಡ್ ಬೇರಿಂಗ್ ಹೋಯ್ತು. ಯಾರೂ ಮಾಡಬೇಡಿ.

ಇನ್ನೊಂದು ಇದಕ್ಕಿಂತ ದಡ್ಡತನ. ಯಾರೋ ಹಿಂದಿನ ಟೈರಿಗೆ ನೀರು ತುಂಬಿಸು ಅಂದರು. ಒಂದೊಂದಕ್ಕೆ 180-200 ಲೀಟರ್ ತುಂಬಿಸಿ ರೋಟಾವೇಟರ್ ಹೊಡೆದೆ. ಏನೂ ಆಗಲಿಲ್ಲ, ಮಣ್ಣು ಇನ್ನಷ್ಟು ಗಟ್ಟಿ ತುಳಿದುಕೊಂಡಿತು. ರೋಟಾವೇಟರ್ ಗಾಡಿಯನ್ನು ಹಿಂದಕ್ಕೆ ಎಳೆಯೋದೇ ಇಲ್ಲ, ಮುಂದಕ್ಕೆ ದಬ್ಬುತ್ತೆ. ಟೈರ್ ಜಾರೋ ಮಾತೇ ಇಲ್ಲ ಅಲ್ಲಿ. ಬೇಕಿದ್ದದ್ದು ಪಿಟಿಒ ಬಲ, ನಾನು ಕೊಟ್ಟದ್ದು ತೂಕ. ಮಣ್ಣು ಮಗುಚೋ ಪಲ್ಟಿ ನೇಗಿಲು, ಹಲ್ಲಿನಿಂದ ಮಣ್ಣು ಕೆದರೋ ಕಲ್ಟಿವೇಟರ್ ಲೆಕ್ಕ ಇದಕ್ಕೆ ತಿರುವುಮುರುವು. ಅಲ್ಲಿ ಇಂಜಿನ್ನಿನಲ್ಲಿ ಬಲ ಇದ್ದರೂ ಟೈರಿಗೆ ಹಿಡಿತ ಸಿಗೋದಿಲ್ಲ. ಎರಡಕ್ಕೂ ಒಂದೇ ಎಚ್‌ಪಿ ಲೆಕ್ಕ ಹಾಕ್ಕೊಂಡು ಮೂರು ವರ್ಷ ಕಳೆದೆ.

2022ರಲ್ಲಿ ಕೃಷಿ ಯಂತ್ರಧಾರೆ ಅನ್ನೋ ಯಂತ್ರ ಬಾಡಿಗೆ ಕೇಂದ್ರದಿಂದ ಒಂದು ದಿನಕ್ಕೆ ಐದಡಿ ಬಾಡಿಗೆಗೆ ತಂದೆ. ಅದೇ ಹೊಲ, ಅದೇ ಹದ, ಅರ್ಧಕ್ಕೆ ಆರಡಿ, ಅರ್ಧಕ್ಕೆ ಐದಡಿ. ಟ್ಯಾಂಕ್ ತುಂಬಿಸಿ ಶುರು ಮಾಡೋದು, ಮುಗಿದ ಮೇಲೆ ಕ್ಯಾನಿನಿಂದ ಅಳೆದು ಮತ್ತೆ ತುಂಬಿಸೋದು. ಐದಡಿ ಒಂದು ಗೇರ್ ಮೇಲೆ ಓಡಿತು. ಗಂಟೆಗೆ ಮುಕ್ಕಾಲು ಎಕರೆ ಆಗುತ್ತಿದ್ದದ್ದು ಒಂದರ ಹತ್ತಿರ ಬಂತು. ಡೀಸೆಲ್ ಎಕರೆಗೆ 5 ಲೀಟರ್ ಚಿಲ್ಲರೆ. ಅಗಲ ಕಮ್ಮಿ ಆದರೂ ಕೆಲಸ ಜಾಸ್ತಿ. ನನಗೇ ನಂಬಿಕೆ ಬರದೆ ಮರುದಿನದ ಬಾಡಿಗೆ ಕಟ್ಟಿ ಮತ್ತೊಮ್ಮೆ ಅಳೆದೆ. ಅಷ್ಟೇ ಬಂತು.

ಆರಡಿಯನ್ನು 62 ಸಾವಿರಕ್ಕೆ ಮಾರಿದೆ. ಐದಡಿ ಹೊಸದು 90ರ ಮೇಲೆ ಬಿತ್ತು. ಎಕರೆಗೆ ಹತ್ತಿರ ಹತ್ತಿರ ಮೂರು ಲೀಟರ್ ಉಳಿಯಿತು, ಮೂರೇ ಅಂತ ಹಿಡಿದರೆ ಆಗಿನ 88 ರೂಪಾಯಿ ಲೆಕ್ಕದಲ್ಲಿ 264. ಸ್ವಂತದ್ದು, ಬಾಡಿಗೆ ಸೇರಿ ಹಂಗಾಮಿಗೆ 43 ಸಾವಿರ ಆಯ್ತು. ಮಗ ಕ್ಯಾಲ್ಕ್ಯುಲೇಟರ್ ತಗೊಂಡು ಎರಡು ಸಲ ಒತ್ತಿ ನೋಡಿದ, ಏನೂ ಮಾತಾಡಲಿಲ್ಲ.

ಐದಡಿಯ ತೊಂದರೆ ಒಂದಿದೆ. ಹಿಂದಿನ ಎರಡು ಟೈರಿನ ಹೊರ ಅಂಚಿನಿಂದ ಅಂಚಿಗೆ ಐದೂವರೆ ಅಡಿ ದಾಟುತ್ತೆ. ರೋಟಾವೇಟರನ್ನು ನಟ್ಟನಡುವೆ ಕಟ್ಟಿದರೆ ಎರಡೂ ಕಡೆ ಟೈರಿನ ಗುರುತು ಉಳಿಯುತ್ತೆ. ಅದಕ್ಕೇ ಬಲಕ್ಕೆ ಸರಿಸಿ ಕಟ್ಟಬೇಕು. ಬಲಗಡೆ ಗುರುತು ಅಲ್ಲೇ ಮುಚ್ಚುತ್ತೆ, ಎಡಗಡೆಯದು ಮುಂದಿನ ಸುತ್ತಿಗೆ. ಎಷ್ಟು ಇಂಚು ಸರಿಸಬೇಕು, ಹೊಲದಲ್ಲಿ ಯಾವ ಕಡೆಯಿಂದ ಸುತ್ತು ಹಾಕಬೇಕು ಅನ್ನೋದನ್ನು ಇಲ್ಲಿ ಬರೆಯೋಲ್ಲ. ಮನೆಗೆ ಬನ್ನಿ, ಚಹಾ ಕುಡಿದು ತೋರಿಸ್ತೀನಿ.

ಇದರ ಬೆನ್ನಿಗೇ ಕಲ್ಟಿವೇಟರ್ ಮೇಲೂ ಕೈ ಇಟ್ಟೆ. 9 ಹಲ್ಲಿನದು. ಟೈರಿಗೆ ಸುಣ್ಣದ ಗೆರೆ ಹಾಕಿ, ಹೊಲದಲ್ಲೇ ಹಲ್ಲು ಮೇಲೆತ್ತಿ ಟೈರ್ ಹತ್ತು ಸುತ್ತು ತಿರುಗೋವರೆಗೆ ಓಡಿಸಿದೆ. 40 ಮೀಟರ್ ಹೋಯ್ತು. ಹಲ್ಲು ಇಳಿಸಿ ಹತ್ತು ಸುತ್ತಿಗೆ 30 ಮೀಟರ್. ಅಂದರೆ ನೂರಕ್ಕೆ 25 ಭಾಗ ಟೈರ್ ನಿಂತಲ್ಲೇ ಉಜ್ಜುತ್ತಿತ್ತು. 15ರೊಳಗೆ ಇರಬೇಕು. ಎರಡು ಹಲ್ಲು ಬಿಚ್ಚಿದೆ, ಉಳಿದ ಏಳನ್ನು ಅದೇ ಫ್ರೇಮಿನಲ್ಲಿ ಸಮನಾಗಿ ಹಂಚಿ ಬಿಗಿದೆ. ಮಧ್ಯದ ಹಲ್ಲು ಮಧ್ಯಕ್ಕೇ ಇರಬೇಕು, ಇಲ್ಲದಿದ್ದರೆ ಗಾಡಿ ಒಂದು ಕಡೆ ಎಳೆಯುತ್ತೆ. ಈಗ 35 ಮೀಟರ್ ಬಂತು. ಒಣ ಎರೆಯಲ್ಲಿ ಹೆಂಟೆ ಹೇಗೂ ಅಗಲಕ್ಕೆ ಏಳುತ್ತೆ, ಹಲ್ಲಿನ ನಡುವೆ ಏನೂ ಉಳಿಯಲಿಲ್ಲ. ಮಸಾರಿಯಲ್ಲಿ ಮಾತ್ರ ಉಳಿಯಿತು, ಅಲ್ಲಿಗೆ ಒಂಬತ್ತೂ ಹಾಕ್ತೀನಿ.

ಅಪ್ಪ ಇದನ್ನೆಲ್ಲ ಕಟ್ಟೆ ಮೇಲೆ ಕೂತು ನೋಡುತ್ತಿದ್ದರು. ಎಳೇ ಎತ್ತು ಹೂಡಿದ ವರ್ಷ ಅವರು ಕುಂಟೆಗೆ ಸಣ್ಣ ಕುಡ, ಅಂದರೆ ಸಣ್ಣ ಅಲಗು ಹಾಕುತ್ತಿದ್ದರಂತೆ. "ಇದನ್ನ ಕಲಿಯಾಕ ಇಷ್ಟ್ ರೊಕ್ಕಾ ಹಾಳ ಮಾಡಿದಿ" ಅಂದರು.

ಟೈರಿನ ನೀರು ತೆಗೆಸಬೇಕು ಅಂತಿದ್ದೆ. ಆದರೆ ಅದೇ ನೀರು ಎರಡು ನೇಗಿಲಿನ ಪಲ್ಟಿಗೆ ಕೆಲಸಕ್ಕೆ ಬಂತು, ಜಾರೋದು ಎದ್ದು ಕಾಣುವಷ್ಟು ಕಮ್ಮಿ ಆಯ್ತು. ಈಗ ಹೆಸರು ಮುಗಿಯೋ ಹೊತ್ತಿಗೆ ಖಾಲಿ ಮಾಡೋದು, ಮಾಗಿ ಉಳುಮೆಗೆ ಮತ್ತೆ ತುಂಬಿಸೋದು. ಪಲ್ಟಿ ಎತ್ತಿಕೊಂಡು ಒಡ್ಡು ಹತ್ತುವಾಗ ಮಾತ್ರ ಮುಂದಿನ ಗಾಲಿ ಮೇಲೇಳುತ್ತೆ. ಬಂಪರಿಗೆ ಇನ್ನೂ ಎಷ್ಟು ತೂಕ ಬೇಕು ಅಂತ ಈ ಬೇಸಿಗೆ ನೋಡಬೇಕು. ಹೋದ ತಿಂಗಳು 42 ಎಚ್‌ಪಿಯ ಒಬ್ಬರು ನನ್ನ ಐದಡಿಯನ್ನು ಎರಡು ದಿನಕ್ಕೆ ಕೇಳಿಕೊಂಡು ಹೋದರು. ಇನ್ನೂ ವಾಪಸ್ ಬಂದಿಲ್ಲ.