ಮೈಗ್ರೇನ್ ಇದ್ದವರು ಸಿಗರೇಟ್ ಬಿಡುವಾಗ: ಮೊದಲ ವಾರಗಳ ತಲೆನೋವನ್ನು ದಾಟುವ ಬಗೆ

ಮೈಗ್ರೇನ್ ಇದ್ದವರು ಸಿಗರೇಟ್ ಬಿಟ್ಟ ಎರಡು ಮೂರು ದಿನಕ್ಕೇ ಮತ್ತೆ ಹಚ್ಚುವುದುಂಟು. 'ಸೇದುತ್ತಿದ್ದಾಗಲೇ ವಾಸಿಯಿತ್ತು, ಬಿಟ್ಟ ಮೇಲೆ ತಲೆ ಸಿಡಿಯುತ್ತಿದೆ' ಅನ್ನಿಸುತ್ತದೆ. ಆ ನೋವು ಸುಳ್ಳಲ್ಲ. ಆದರೆ ಅದರ ಕಾರಣಗಳು ಗೊತ್ತಿರುವಂಥವು, ಬಹುಪಾಲಿಗೆ ಮುಂಚೆಯೇ ಸಿದ್ಧತೆ ಮಾಡಿಕೊಳ್ಳಬಹುದು.

ನಿಕೋಟಿನ್ ರಕ್ತನಾಳಗಳನ್ನು ಕುಗ್ಗಿಸುತ್ತದೆ, ಸುಮಾರು ಎರಡು ಗಂಟೆಯಲ್ಲಿ ರಕ್ತದಲ್ಲಿ ಅರ್ಧಕ್ಕೆ ಇಳಿಯುತ್ತದೆ. ಹೀಗಾಗಿ ಸೇದುವವರ ಮಿದುಳು ದಿನವಿಡೀ ಏರಿಳಿತದಲ್ಲೇ ಇರುತ್ತದೆ. ಮೈಗ್ರೇನ್ ಮಿದುಳಿಗೆ ಒಗ್ಗದಿರುವುದೇ ಈ ಏರಿಳಿತ. ಹೊಗೆಯಲ್ಲಿನ ಕಾರ್ಬನ್ ಮೊನಾಕ್ಸೈಡ್ ರಕ್ತದ ಆಮ್ಲಜನಕ ಒಯ್ಯುವ ಶಕ್ತಿಯನ್ನು ತಗ್ಗಿಸುತ್ತದೆ. ಇನ್ನು ಕೆಲವರಿಗೆ ವಾಸನೆಯೊಂದೇ ಸಾಕು, ಪಕ್ಕದವರು ಸೇದಿದರೂ ತಲೆ ಹಿಡಿಯುತ್ತದೆ.

ನಿಮ್ಮ ವಿಷಯದಲ್ಲಿ ಸಿಗರೇಟ್ ಎಷ್ಟರ ಮಟ್ಟಿಗೆ ಕಾರಣ ಎಂದು ತಿಳಿಯಲು ಬಿಡುವ ಮುಂಚೆ ನಾಲ್ಕು ವಾರ ಬರೆದಿಡಿ: ಪ್ರತಿ ಸಿಗರೇಟಿನ ಸಮಯ, ನೋವು ಶುರುವಾದ ಸಮಯ, ನಿದ್ದೆ, ಊಟ ತಪ್ಪಿದ್ದು, ಕಾಫಿ ಅಥವಾ ಚಹಾ, ಮುಟ್ಟಿನ ದಿನ, ನುಂಗಿದ ಮಾತ್ರೆ. ಓದುವಾಗ ಒಂದು ಎಚ್ಚರ ಬೇಕು. ಮೈಗ್ರೇನ್ ನೋವಿಗೆ ಕೆಲವು ಗಂಟೆಗಳ ಮುಂಚೆ, ಒಮ್ಮೊಮ್ಮೆ ಹಿಂದಿನ ದಿನವೇ, ಆಕಳಿಕೆ, ಕತ್ತು ಬಿಗಿತ, ಕಿರಿಕಿರಿ, ಏನಾದರೂ ಬೇಕೆನ್ನುವ ಚಡಪಡಿಕೆ ಶುರುವಾಗಿರುತ್ತದೆ. ಆ ಚಡಪಡಿಕೆಗೇ ಎರಡು ಸಿಗರೇಟ್ ಜಾಸ್ತಿ ಸೇದಿದ್ದರೆ, ದಾಳಿ ಆಗಲೇ ಹೊರಟಿತ್ತು, ಸಿಗರೇಟ್ ಅದರ ಹಿಂದೆ ಬಂತು. ಹಾಗಾಗಿ ಒಂದು ದಿನದ ಲೆಕ್ಕ ನೋಡಿ ತೀರ್ಮಾನಿಸಬೇಡಿ. ಬೆಳಗ್ಗೆ ಏಳುವಾಗಲೇ ಇರುವ ನೋವು ಮೊದಲ ಸಿಗರೇಟಿಗೆ ಇಳಿಯುತ್ತಿದ್ದರೆ, ರಾತ್ರಿಯಿಡೀ ನಿಕೋಟಿನ್ ಇಳಿದದ್ದು ಅದಕ್ಕೆ ಕಾರಣವಿರಬಹುದು.

ಸಿಗರೇಟ್ ಬಿಡುವ ದಿನವನ್ನು ನೀವು ಬರೆದಿಟ್ಟ ಈ ಲೆಕ್ಕ ನೋಡಿಯೇ ಆರಿಸಿ. ಮುಟ್ಟಿನೊಂದಿಗೆ ಮೈಗ್ರೇನ್ ಬರುವವರು ಮುಟ್ಟಿಗೆ ಎರಡು ದಿನ ಮುಂಚಿನಿಂದ ಮುಟ್ಟಿನ ಮೂರನೇ ದಿನದವರೆಗಿನ ದಿನಗಳನ್ನು ಆರಿಸದೆ, ಅವು ಮುಗಿದ ಮೇಲೆ ಶುರುಮಾಡಲಿ. ನಿದ್ದೆಗೆಡುವ ಪ್ರಯಾಣ, ರಾತ್ರಿ ಪಾಳಿ ಇರುವ ವಾರವೂ ಬೇಡ.

ಹೆಚ್ಚಿನವರು ಗಮನಿಸದೇ ಹೋಗುವುದು ಕಾಫಿಯನ್ನು. ಹೊಗೆಯಲ್ಲಿನ ಟಾರ್ ಅಂಶಗಳು ಯಕೃತ್ತಿನಲ್ಲಿ ಕೆಫೀನನ್ನು ಒಡೆಯುವ ಕಿಣ್ವವನ್ನು ಚುರುಕುಗೊಳಿಸಿರುತ್ತವೆ. ಸಿಗರೇಟ್ ನಿಂತೊಡನೆ ಕೆಲವೇ ದಿನಗಳಲ್ಲಿ ಆ ಚುರುಕು ಇಳಿಯುತ್ತದೆ. ಅಷ್ಟೇ ಕಾಫಿ ಕುಡಿದರೂ ರಕ್ತದಲ್ಲಿ ಕೆಫೀನ್ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಎದೆ ಹೊಡೆದುಕೊಳ್ಳುವುದು, ನಿದ್ದೆ ಬಾರದಿರುವುದು, ಮರುದಿನ ತಲೆನೋವು: ಇದನ್ನೆಲ್ಲ ಜನ ನಿಕೋಟಿನ್ ಬಿಟ್ಟದ್ದರ ಲೆಕ್ಕಕ್ಕೆ ಹಾಕುತ್ತಾರೆ. ಬಿಟ್ಟ ದಿನದಿಂದ ಒಂದು ವಾರದೊಳಗೆ ಕಾಫಿಯನ್ನು ಮೆಲ್ಲನೆ ಅರ್ಧಕ್ಕೆ ಇಳಿಸಿ. ಪೂರ್ತಿ ನಿಲ್ಲಿಸಬೇಡಿ, ಕೆಫೀನ್ ಒಮ್ಮೆಲೇ ತಪ್ಪಿದರೂ ತಲೆನೋವೇ. ಉಳಿದ ಕಾಫಿಯನ್ನು ಮಧ್ಯಾಹ್ನದೊಳಗೆ ಮುಗಿಸಿ.

ನಿಕೋಟಿನನ್ನು ಒಮ್ಮೆಲೇ ಕಡಿದುಹಾಕುವುದಕ್ಕಿಂತ ಚರ್ಮಕ್ಕೆ ಅಂಟಿಸುವ ನಿಕೋಟಿನ್ ಪ್ಯಾಚ್ ಮೂಲಕ ಇಳಿಸುತ್ತ ಹೋಗುವುದು ಮೈಗ್ರೇನ್ ಇದ್ದವರಿಗೆ ಹಿತ ಎಂಬುದು ನಮ್ಮ ಅಭಿಪ್ರಾಯ. ದಿನಕ್ಕೆ 10ಕ್ಕಿಂತ ಹೆಚ್ಚು ಸೇದುವವರಿಗೆ 21 ಮಿಲಿಗ್ರಾಂ ಪ್ಯಾಚ್ 6 ವಾರ, ನಂತರ 14 ಮಿಲಿಗ್ರಾಂ 2 ವಾರ, 7 ಮಿಲಿಗ್ರಾಂ 2 ವಾರ. 10 ಅಥವಾ ಅದಕ್ಕಿಂತ ಕಡಿಮೆಯಿದ್ದರೆ 14ರಿಂದ 6 ವಾರ, ಆಮೇಲೆ 7ರಿಂದ 2 ವಾರ. ಗರ್ಭಿಣಿಯರು, ಹೃದಯದ ತೊಂದರೆ ಇದ್ದವರು ಮೊದಲು ವೈದ್ಯರನ್ನು ಕೇಳಬೇಕು. ಬೆಳಗ್ಗೆ ತೋಳಿನ ಮೇಲ್ಭಾಗ, ಎದೆ ಅಥವಾ ಬೆನ್ನಿನಲ್ಲಿ ಕೂದಲಿಲ್ಲದ ಒಣ ಚರ್ಮಕ್ಕೆ ಅಂಟಿಸಿ 10 ಸೆಕೆಂಡು ಒತ್ತಿಹಿಡಿಯಿರಿ, ಕೈ ತೊಳೆದುಕೊಳ್ಳಿ. ದಿನಾ ಜಾಗ ಬದಲಿಸಿ. ಕೆಟ್ಟ ಕನಸು, ನಿದ್ರಾಭಂಗ ಆದರೆ ಮಲಗುವ ಮುಂಚೆ ತೆಗೆಯಿರಿ.

ಪ್ಯಾಚ್‌ನಿಂದಲೂ ತಲೆನೋವು ಬರಬಹುದು, ಆಗ ಡೋಸ್ ಹೆಚ್ಚಾಯಿತೋ ಕಡಿಮೆಯಾಯಿತೋ ಎಂದು ನೋಡಬೇಕು. ಅಂಟಿಸಿದ ಕೆಲವು ಗಂಟೆಗಳಲ್ಲಿ ವಾಕರಿಕೆ, ತಲೆಸುತ್ತು, ತಣ್ಣನೆ ಬೆವರು ಜೊತೆಗಿದ್ದರೆ ಹೆಚ್ಚಾಗಿದೆ, ಒಂದು ಮೆಟ್ಟಿಲು ಇಳಿಸಿ. ಸಿಡುಕು, ಸೇದಲೇಬೇಕೆಂಬ ತುಡಿತ ಜೊತೆಗಿದ್ದರೆ ಸಾಲುತ್ತಿಲ್ಲ.

ಸಾಲದ ಹೊತ್ತಿಗೆ ನಿಕೋಟಿನ್ ಗಮ್ ಇದೆ. ಪ್ಯಾಚ್ ಒಂದೇ ಬಳಸುವುದಕ್ಕಿಂತ ಎರಡೂ ಸೇರಿದರೆ ಬಿಡುವವರ ಸಂಖ್ಯೆ ಹೆಚ್ಚು. ಎದ್ದ ಅರ್ಧ ಗಂಟೆಯೊಳಗೆ ಮೊದಲ ಸಿಗರೇಟ್ ಹಚ್ಚುತ್ತಿದ್ದವರಿಗೆ 4 ಮಿಲಿಗ್ರಾಂ, ಉಳಿದವರಿಗೆ 2. ಇದನ್ನು ಸಾಮಾನ್ಯ ಗಮ್‌ನಂತೆ ಅಗಿದರೆ ಕೆಡುತ್ತದೆ. ಬಾಯಲ್ಲಿ ಖಾರ ಅಥವಾ ಚುರುಚುರು ಎನ್ನುವವರೆಗೆ ನಿಧಾನ ಅಗಿದು, ಕೆನ್ನೆ ಮತ್ತು ಒಸಡಿನ ನಡುವೆ ಇಟ್ಟು ಸುಮ್ಮನಿರಿ. ಚುರುಚುರು ಕಡಿಮೆಯಾದಾಗ ಮತ್ತೆ ಅಗಿಯಿರಿ. ಒಟ್ಟು ಅರ್ಧ ಗಂಟೆ. ಬೇಗ ಅಗಿದರೆ ನಿಕೋಟಿನ್ ಹೊಟ್ಟೆಗಿಳಿದು ವಾಕರಿಕೆ, ಬಿಕ್ಕಳಿಕೆ. ದವಡೆ ದಣಿದು ಕಣತಲೆಯೂ ನೋಯುತ್ತದೆ. ದವಡೆ ನೋವಿದ್ದವರು ಚೀಪುವ ನಿಕೋಟಿನ್ ಗುಳಿಗೆ ತೆಗೆದುಕೊಳ್ಳಲಿ. ಗಮ್ ಹಾಕುವ 15 ನಿಮಿಷ ಮುಂಚಿನಿಂದ ಕಾಫಿ, ಹಣ್ಣಿನ ರಸ, ಸೋಡಾ ಬೇಡ. ಬಾಯಿ ಹುಳಿಯಾದರೆ ನಿಕೋಟಿನ್ ಸರಿಯಾಗಿ ಒಳಗೆ ಹೋಗುವುದಿಲ್ಲ.

ಸಿಗರೇಟ್ ಬಿಡಲು ವೈದ್ಯರು ಬರೆಯುವ ಮಾತ್ರೆಗಳಲ್ಲಿ ವಾರೆನಿಕ್ಲಿನ್ ಸಾಮಾನ್ಯವಾಗಿ 12 ವಾರದ್ದು. ವಾಕರಿಕೆ ಸಾಮಾನ್ಯ, ಹಾಗಾಗಿ ಊಟದ ನಂತರ ಪೂರ್ತಿ ಲೋಟ ನೀರಿನೊಂದಿಗೆ ನುಂಗಬೇಕು. ಇನ್ನೊಂದು ಮಾತ್ರೆ ಬುಪ್ರೊಪಿಯಾನ್ ಅಪಸ್ಮಾರ ಇದ್ದವರಿಗೆ ಕೂಡದು. ಮೈಗ್ರೇನ್ ತಡೆಗೆ ಪ್ರೊಪ್ರನೊಲಾಲ್, ಮೆಟೊಪ್ರೊಲಾಲ್ ಅಥವಾ ಅಮಿಟ್ರಿಪ್ಟಿಲಿನ್ ತೆಗೆದುಕೊಳ್ಳುತ್ತಿದ್ದರೆ ಬುಪ್ರೊಪಿಯಾನ್ ರಕ್ತದಲ್ಲಿ ಇವುಗಳ ಮಟ್ಟವನ್ನು ಏರಿಸಬಲ್ಲದು. ಮಾತ್ರೆಗಳ ಪಟ್ಟಿ ತೋರಿಸದೆ ಶುರುಮಾಡಬೇಡಿ.

ನಿಕೋಟಿನ್ ಬಿಟ್ಟ ತಲೆನೋವು ಮೊದಲ ಕೆಲವು ದಿನ ಜೋರಾಗಿದ್ದು, ಎರಡರಿಂದ ನಾಲ್ಕು ವಾರದಲ್ಲಿ ಇಳಿಯುತ್ತದೆ. ಆ ಅವಧಿಯಲ್ಲಿ ದಿನಾ ನೋವಿನ ಮಾತ್ರೆ ನುಂಗಿದರೆ ಮಾತ್ರೆಯೇ ಹೊಸ ತಲೆನೋವು ತರಬಹುದು. ತಿಂಗಳಿಗೆ ಟ್ರಿಪ್ಟಾನ್ (ಮೈಗ್ರೇನ್ ನೋವಿಗೆಂದೇ ಇರುವ ಮಾತ್ರೆ) 10 ದಿನ, ಪ್ಯಾರಸಿಟಮಾಲ್ ಅಥವಾ ಐಬುಪ್ರೊಫೇನ್ 15 ದಿನ ತಲುಪಬಾರದು; ವಾರಕ್ಕೆ ಎರಡು ದಿನಕ್ಕೆ ನಿಲ್ಲಿಸಿಕೊಂಡರೆ ಕ್ಷೇಮ. ಹೊತ್ತಿಗೆ ಸರಿಯಾಗಿ ಊಟ, ನಿದ್ದೆ, ನೀರು ಈ ವಾರಗಳಲ್ಲಿ ತಪ್ಪಕೂಡದು.

ತುಡಿತ ಬಂದಾಗ ಐದು ನಿಮಿಷ ಜಾಗ ಬದಲಿಸಿ, ಸಾಮಾನ್ಯವಾಗಿ ಅಷ್ಟರಲ್ಲಿ ಇಳಿಯುತ್ತದೆ. ಒಂದು ಸೇದಿಬಿಟ್ಟರೆ ಪ್ಯಾಚ್ ಕಿತ್ತೆಸೆಯಬೇಡಿ, ಮುಂದುವರಿಸಿ. ಯಾವ ಹೊತ್ತಿಗೆ, ಯಾಕೆ ಎಂದು ಬರೆದು, ನಾಳೆ ಆ ಹೊತ್ತಿಗೆ ಮುಂಚೆ ಗಮ್ ಹಾಕಿಕೊಳ್ಳಿ.

ನೋವಿಗೆ ಮುಂಚೆ ಕಣ್ಣೆದುರು ಮಿನುಗು, ಅಂಕುಡೊಂಕು ಗೆರೆ ಕಾಣುವ ಔರಾ ಮೈಗ್ರೇನ್ ಇದ್ದು, ಈಸ್ಟ್ರೊಜೆನ್ ಇರುವ ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುತ್ತ ಸೇದುವ ಮಹಿಳೆಯರಿಗೆ ಪಾರ್ಶ್ವವಾಯುವಿನ ಅಪಾಯ ಬಹಳ ಹೆಚ್ಚು. ಮಾತ್ರೆ ಬದಲಿಸುವ ಬಗ್ಗೆ ಈ ವಾರವೇ ವೈದ್ಯರೊಂದಿಗೆ ಮಾತಾಡಿ. ಯಾರಿಗೇ ಆಗಲಿ, ಸಿಡಿಲು ಬಡಿದಂತೆ ಒಮ್ಮೆಲೇ ಬಂದ ನೋವು, ಮಾತು ತೊದಲುವುದು, ಒಂದು ಕಡೆ ಬಲ ಕುಂದುವುದು ಕಂಡರೆ ನಿಕೋಟಿನ್ ಬಿಟ್ಟದ್ದಕ್ಕೆ ಹೀಗೆ ಎಂದು ಕಾಯದೆ ತಕ್ಷಣ ಆಸ್ಪತ್ರೆಗೆ ಹೋಗಿ.