ಬರೀ ಸ್ಕ್ರೀನ್ ಲಾಕ್ ಮಾಡೋಕೆ ಎಸ್‌ಲಾಕ್ ಸಾಕು

ಹಳೇ ಕಂಪ್ಯೂಟರ್‌ನಲ್ಲಿ ಲಿನಕ್ಸ್ ಓಡಿಸುತ್ತಿರುವವರು ಎಸ್‌ಲಾಕ್ (slock) ಅನ್ನೋ ಸ್ಕ್ರೀನ್ ಲಾಕ್ ಪ್ರೋಗ್ರಾಂ ಹಾಕಿ ನೋಡಿ. ಗಡಿಯಾರ ಇಲ್ಲ, ಚಿತ್ರ ಇಲ್ಲ, ಪಾಸ್‌ವರ್ಡ್ ಬರೆಯುವ ಚೌಕವೂ ಇಲ್ಲ. ಪರದೆ ಪೂರ್ತಿ ಕಪ್ಪಾಗುತ್ತದೆ, ಅಷ್ಟೇ. ಕೀ ಒತ್ತಿದರೆ ನೀಲಿ, ಪಾಸ್‌ವರ್ಡ್ ತಪ್ಪಿದರೆ ಕೆಂಪು. ಮೊದಲ ಸಲ ನಾನು ಮಾನಿಟರೇ ಕೈಕೊಟ್ಟಿತು ಅಂದ್ಕೊಂಡು ಸುಮ್ನೆ ಕೇಬಲ್ ಕಿತ್ತು ಮತ್ತೆ ಸಿಕ್ಕಿಸಿದ್ದೆ!

ಇದನ್ನು ಒಂದು ಶಾರ್ಟ್‌ಕಟ್ ಕೀಗೆ ಜೋಡಿಸಿಕೊಳ್ಳಿ. ಕಂಪ್ಯೂಟರ್ ಸಸ್ಪೆಂಡ್ ಆಗುವಾಗ (ನಿದ್ದೆಗೆ ಹೋಗುವಾಗ) ತಾನಾಗಿ ಲಾಕ್ ಆಗಬೇಕಂದ್ರೆ ಜೊತೆಗೆ ಎಕ್ಸ್‌ಎಸ್‌ಎಸ್-ಲಾಕ್ (xss-lock) ಅನ್ನೋ ಇನ್ನೊಂದು ಪ್ರೋಗ್ರಾಂ ಬೇಕು.

ಜಾಸ್ತಿ ಜನ ಮರೆಯುವ ವಿಷಯ ಒಂದಿದೆ. ಟರ್ಮಿನಲ್‌ನಲ್ಲಿ ಲಾಗಿನ್ ಆಗಿ, ಸ್ಟಾರ್ಟ್‌ಎಕ್ಸ್ (startx) ಕಮಾಂಡ್ ಕೊಟ್ಟು ಡೆಸ್ಕ್‌ಟಾಪ್ ಶುರು ಮಾಡುತ್ತೀರಾ? ನೀವು ಲಾಗಿನ್ ಆದ ಟರ್ಮಿನಲ್ ಹಿಂದೆ ಹಾಗೇ ತೆರೆದಿರಬಹುದು. ಯಾರಾದರೂ ಕಂಟ್ರೋಲ್, ಆಲ್ಟ್, ಎಫ್1 ಒತ್ತಿ ಅಲ್ಲಿಗೆ ಹೋಗಿ, ಕಂಟ್ರೋಲ್-ಸಿ ಒತ್ತಿದರೆ ಡೆಸ್ಕ್‌ಟಾಪ್ ಮುಚ್ಚಿ ನಿಮ್ಮ ಶೆಲ್ (ನಿಮ್ಮ ಹೆಸರಲ್ಲಿ ಕಮಾಂಡ್ ಕೊಡುವ ಜಾಗ) ಅವರ ಕೈಗೆ ಸಿಗುತ್ತದೆ. ಬಾಗಿಲಿಗೆ ಬೀಗ ಹಾಕಿ ಹಿತ್ತಿಲು ತೆರೆದಿಟ್ಟ ಹಾಗೆ, ಅಲ್ವಾ? ಸ್ಟಾರ್ಟ್‌ಎಕ್ಸ್‌ಗೆ ಮೊದಲು ಎಕ್ಸೆಕ್ ಸೇರಿಸಿ, ಅಂದರೆ exec startx ಅಂತ ಕೊಡಿ. ಆಗ ಡೆಸ್ಕ್‌ಟಾಪ್ ಮುಚ್ಚಿದರೆ ಲಾಗಿನ್ನೂ ಮುಗಿಯುತ್ತದೆ. ಪರದೆ ಮೇಲೆ ಡೆಸ್ಕ್‌ಟಾಪ್ ತೋರಿಸುವ ಎಕ್ಸ್‌ಆರ್ಗ್ (Xorg) ಪ್ರೋಗ್ರಾಂನ ಸೆಟ್ಟಿಂಗ್‌ನಲ್ಲಿ ಡೋಂಟ್‌ವಿಟಿಸ್ವಿಚ್ (DontVTSwitch) ಆನ್ ಮಾಡಿದರೆ ಆ ಕೀಗಳೇ ಕೆಲಸ ಮಾಡುವುದಿಲ್ಲ.

ಅಂದಹಾಗೆ, ಎಕ್ಸ್‌ಆರ್ಗ್ ಬದಲು ಬಳಸುವ ಹೊಸ ವ್ಯವಸ್ಥೆ ವೇಲ್ಯಾಂಡ್‌ಗೆ ಎಸ್‌ಲಾಕ್ ಆಗಿಬರುವುದಿಲ್ಲ. ವೇಲ್ಯಾಂಡ್ ಮೇಲೆ ಓಡುವ ಸ್ವೇ (sway) ಬಳಸುವವರು ಸ್ವೇಲಾಕ್ (swaylock) ಹಾಕಿಕೊಳ್ಳಿ.